ತಲೆ ಎಣಿಸಿದ್ದು ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ.

ಜನಸಂಖ್ಯೆಯ ಬಗ್ಗೆ ಮಾತಾಡಲು ಎಲ್ಲಿಗೆ ಹೋದರೂ ಮೊದಲು ಎದುರಾಗುವ ಪ್ರಶ್ನೆ ಒಂದೇ. "ಈ ಭೂಮಿ ಇನ್ನೆಷ್ಟು ಜನರನ್ನು ತಡೆದುಕೊಳ್ಳುತ್ತದೆ ಸಾರ್?" ಯಾವ ಜನ, ಹೇಗೆ ಬದುಕುವ ಜನ ಅಂತ ಹೇಳದೆ ಬರೀ ಸಂಖ್ಯೆ ಕೇಳಿದರೆ ನಾನೇನು ಹೇಳಲಿ? ಆದರೂ ಸಂಖ್ಯೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಶಾಲೆಯಲ್ಲಿ 'ಜನಸಂಖ್ಯಾ ಸ್ಫೋಟ' ಎಂದು ಪ್ರಬಂಧ ಬರೆದವರು ತುಂಬಾ ಜನ ಕೇಳುತ್ತಿದ್ದೀರಿ, ನಿಮಗೆ ಇದೆಲ್ಲ ಬಾಯಿಪಾಠ.

1800ರ ಆಸುಪಾಸಿನಲ್ಲಿ ಲೋಕದಲ್ಲಿ 100 ಕೋಟಿ ಜನರಿದ್ದರು. ಅದು 200 ಕೋಟಿಯಾಗಲು 1927ರವರೆಗೆ ಕಾಯಬೇಕಾಯಿತು. ಆಮೇಲೆ ಓಟ ಶುರುವಾಯಿತು. 1999ಕ್ಕೆ 600 ಕೋಟಿ, 2011ಕ್ಕೆ 700 ಕೋಟಿ, 2022ರ ನವೆಂಬರ್‌ಗೆ 800 ಕೋಟಿ. ಭಯವಾಗುತ್ತದೆ, ಅಲ್ವಾ?

ಇನ್ನರ್ಧ ಕಥೆಯನ್ನು ಮಾತ್ರ ಯಾರೂ ಪ್ರಬಂಧದಲ್ಲಿ ಬರೆಯಿಸುವುದಿಲ್ಲ. 1960ರ ದಶಕದಲ್ಲಿ ಒಬ್ಬ ತಾಯಿಗೆ ಸರಾಸರಿ 5 ಮಕ್ಕಳು. ಈಗ ಎರಡು ಚಿಲ್ಲರೆ. ಆಗ ಜನಸಂಖ್ಯೆ ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರುತ್ತಿತ್ತು, ಈಗ ಶೇಕಡಾ 1ಕ್ಕಿಂತ ಕಡಿಮೆ. ವಿಶ್ವಸಂಸ್ಥೆಯ 2024ರ ಅಂದಾಜಿನ ಪ್ರಕಾರ 2080ರ ದಶಕದಲ್ಲಿ ಸುಮಾರು 1030 ಕೋಟಿಗೆ ಮುಟ್ಟಿ, ಅಲ್ಲಿಂದ ಸಂಖ್ಯೆ ಇಳಿಯಲು ಶುರುವಾಗುತ್ತದೆ. ಈಗಲೂ ಏರುತ್ತಿರುವುದು ಯಾಕೆ? ಬ್ರೇಕ್ ಹಾಕಿದ ರೈಲು ಒಡನೆ ನಿಲ್ಲುತ್ತದೆಯೇ? ಹಿಂದೆ ಹುಟ್ಟಿದ ದೊಡ್ಡ ತಲೆಮಾರು ಈಗ ಅಪ್ಪ ಅಮ್ಮಂದಿರಾಗುತ್ತಿದೆ, ಅಷ್ಟೇ.

ಹಾಗಾಗಿ ದಯವಿಟ್ಟು ತಲೆ ಎಣಿಸುವುದನ್ನು ಬಿಡಿ. ಪುಕ್ಕಟೆ ಸಿಗುವ ವಸ್ತುವನ್ನು ಯಾರು ಎಷ್ಟು ಬಳಸುತ್ತಿದ್ದಾರೆ ನೋಡಿ. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ ಮಾತು. ಬೆಲೆ ಇರುವ ವಸ್ತುವಿಗೆ ಮನುಷ್ಯ ಹೇಗೋ ದಾರಿ ಹುಡುಕುತ್ತಾನೆ. ಬೆಲೆ ಇಲ್ಲದ್ದನ್ನು ಹಾಳು ಮಾಡುತ್ತಾನೆ.

ಇದಕ್ಕೆ ಒಂದು ಪಂದ್ಯದ ಕಥೆ ಇದೆ. ನನಗೆ ತುಂಬಾ ಇಷ್ಟವಾದ ಕಥೆ, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಅಮೆರಿಕದಲ್ಲಿ ಪಾಲ್ ಎರ್ಲಿಕ್ ಎಂಬ ಜೀವಶಾಸ್ತ್ರಜ್ಞರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು, ಚಿಟ್ಟೆಗಳ ತಜ್ಞರು. 1968ರಲ್ಲಿ ಒಂದು ಪುಸ್ತಕ ಬರೆದು, 1970ರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆ ಎಂದರು. ಪುಸ್ತಕ ಬಿಸಿ ಬಿಸಿಯಾಗಿ ಮಾರಾಟವಾಯಿತು. ಇನ್ನೊಂದು ಕಡೆ ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞರು. ಅವರದು ಪೂರ್ತಿ ಉಲ್ಟಾ ವಾದ. ಜನ ಜಾಸ್ತಿಯಾದರೆ ಯೋಚಿಸುವ ಮೆದುಳೂ ಜಾಸ್ತಿ, ಒಂದು ವಸ್ತು ಕಡಿಮೆಯಾದರೆ ಇನ್ನೊಂದನ್ನು ಕಂಡುಹಿಡಿಯುತ್ತಾರೆ, ಚಿಂತೆ ಬೇಡ ಎನ್ನುವವರು. ಇಬ್ಬರೂ ಪತ್ರಿಕೆಗಳಲ್ಲಿ ಜಗಳವಾಡಿದರು. ಕೊನೆಗೆ ಸೈಮನ್, "ಬಾಯಿಮಾತು ಸಾಕು, ದುಡ್ಡು ಕಟ್ಟಿ" ಎನ್ನುವಂತೆ ಸವಾಲು ಹಾಕಿದರು.

1980ರಲ್ಲಿ ಪಂದ್ಯ ಕಟ್ಟಿದರು. ಎರ್ಲಿಕ್ ಮತ್ತು ಅವರ ಇಬ್ಬರು ಸಂಗಡಿಗರು ತಾವೇ ಐದು ಲೋಹ ಆರಿಸಿಕೊಂಡರು. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್. ಒಂದೊಂದಕ್ಕೆ 200 ಡಾಲರ್, ಒಟ್ಟು 1000 ಡಾಲರಿನ ಲೋಹ, ಲೆಕ್ಕದ ಮೇಲೆ. ಹತ್ತು ವರ್ಷ ಕಾಯುವುದು. ಹಣದುಬ್ಬರ ಕಳೆದ ಮೇಲೂ ಬೆಲೆ ಏರಿದ್ದರೆ ಏರಿದಷ್ಟು ಹಣವನ್ನು ಸೈಮನ್ ಕೊಡಬೇಕು. ಇಳಿದಿದ್ದರೆ ಇಳಿದಷ್ಟನ್ನು ಎರ್ಲಿಕ್ ಕೊಡಬೇಕು.

ಆ ಹತ್ತು ವರ್ಷದಲ್ಲಿ ಲೋಕದ ಜನಸಂಖ್ಯೆಗೆ 80 ಕೋಟಿಗೂ ಹೆಚ್ಚು ಮಂದಿ ಸೇರಿದರು. ಲೋಹದ ಬೆಲೆ ಗಗನಕ್ಕೆ ಏರಬೇಕಿತ್ತು ತಾನೇ? ಐದಕ್ಕೆ ಐದೂ ಇಳಿದಿದ್ದವು. ತವರದ ಜಾಗಕ್ಕೆ ಅಲ್ಯುಮಿನಿಯಂ ಬಂದಿತ್ತು, ಟೆಲಿಫೋನಿನ ತಾಮ್ರದ ತಂತಿಯ ಜಾಗಕ್ಕೆ ಗಾಜಿನ ಎಳೆ ಬರತೊಡಗಿತ್ತು. 1990ರ ಅಕ್ಟೋಬರ್‌ನಲ್ಲಿ ಸೈಮನ್ ಮನೆಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಲೋಹದ ಬೆಲೆಗಳ ಲೆಕ್ಕದ ಹಾಳೆ ಮತ್ತು 576 ಡಾಲರ್ 7 ಸೆಂಟಿನ ಒಂದು ಚೆಕ್. ಪತ್ರ ಇಲ್ಲ, ಒಂದು ಸಾಲೂ ಇಲ್ಲ. ಏಳು ಸೆಂಟನ್ನೂ ಬಿಡದೆ ಲೆಕ್ಕ ಹಾಕಿದ್ದಾರಲ್ಲ, ಆ ಸಿಟ್ಟು ನೋಡಿ! ಬೇರೆ ದಶಕ ಆರಿಸಿಕೊಂಡಿದ್ದರೆ ಎರ್ಲಿಕ್ ಗೆಲ್ಲುತ್ತಿದ್ದರು ಎಂದು ವಾದಿಸುವವರಿದ್ದಾರೆ. ಇರಲಿ.

ತುಂಬಾ ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ನನಗೆ ರೇಗುವುದೇ ಇಲ್ಲಿ. ಯಾಕೆಂದರೆ ಎರಡನೇ ಪಂದ್ಯದ ಮಾತು ಇನ್ನೂ ಬಾಕಿ ಇದೆ. 1995ರಲ್ಲಿ ಎರ್ಲಿಕ್ ಮತ್ತು ಹವಾಮಾನ ವಿಜ್ಞಾನಿ ಸ್ಟೀಫನ್ ಷ್ನೈಡರ್ ಸೇರಿ ಸೈಮನ್‌ಗೆ ಹೊಸ ಸವಾಲು ಹಾಕಿದರು. ಈ ಸಲ ಲೋಹ ಬೇಡ, ಹದಿನೈದು ಬೇರೆ ಸಂಗತಿ. ಹತ್ತು ವರ್ಷದಲ್ಲಿ ಭೂಮಿ ಈಗಿಗಿಂತ ಬಿಸಿಯಾಗಿರುತ್ತದೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿರುತ್ತದೆ, ಹೀಗೆ. ಸೈಮನ್ ಒಪ್ಪಲಿಲ್ಲ. ಇವು ಮನುಷ್ಯರ ಬದುಕಿನ ನೇರ ಅಳತೆಗಳಲ್ಲ ಎಂದು ಹೇಳಿ ಪಕ್ಕಕ್ಕೆ ಸರಿದರು. ಬಿಸಿಯ ಪಂದ್ಯ, ಗಾಳಿಯ ಪಂದ್ಯ ಎರಡನ್ನೂ ಕಟ್ಟಿದ್ದರೆ ಎರಡನ್ನೂ ಸೋಲುತ್ತಿದ್ದರು.

ಗಮನಿಸಿದಿರಾ? ತಾಮ್ರಕ್ಕೆ ಬೆಲೆ ಇದೆ. ಕಡಿಮೆಯಾದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಯಾರೋ ಒಬ್ಬ ಹೊಸ ಗಣಿ ತೋಡುತ್ತಾನೆ, ಇನ್ನೊಬ್ಬ ಬದಲಿ ವಸ್ತು ಹುಡುಕುತ್ತಾನೆ. ಗಾಳಿಗೆ ಬೆಲೆ ಎಲ್ಲಿದೆ? ಎಷ್ಟು ಹೊಗೆ ಸುರಿದರೂ ಹೆಚ್ಚಿನ ಕಡೆ ಯಾರೂ ಬಿಲ್ ಕಳಿಸುವುದಿಲ್ಲ. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರುಮಾಡಿದಾಗ 315. ಈಗ 420 ದಾಟಿದೆ.

ಅದನ್ನು ಸುರಿಯುತ್ತಿರುವವರು ಯಾರು? ನೈಜರ್ ದೇಶದಲ್ಲಿ ಒಬ್ಬ ತಾಯಿಗೆ ಸರಾಸರಿ 6 ಮಕ್ಕಳು. ಅಲ್ಲಿ ವರ್ಷಕ್ಕೆ ತಲೆಗೆ ಕಾಲು ಟನ್ ಹೊಗೆ ಕೂಡ ಇಲ್ಲ. ಅಮೆರಿಕದಲ್ಲಿ ತಾಯಿಗೆ ಎರಡು ಮಕ್ಕಳೂ ಇಲ್ಲ, ಹೊಗೆ ತಲೆಗೆ ಸುಮಾರು 14 ಟನ್. ಭಾರತದಲ್ಲಿ ಸುಮಾರು 2 ಟನ್. ಇಡೀ ಲೋಕದ ಹೊಗೆಯಲ್ಲಿ ಹತ್ತಿರ ಹತ್ತಿರ ಅರ್ಧ ಬರುವುದು ಅತಿ ಸಿರಿವಂತರಾದ ಶೇಕಡಾ 10 ಜನರಿಂದ. ಈಗ ಹೇಳಿ, ನೈಜರ್‌ನ ತಾಯಿಗೆ ಬುದ್ಧಿ ಹೇಳಲು ಹೋಗೋಣವೇ?

ಸಮುದ್ರದ ಮೀನೂ ಅಷ್ಟೇ, ನೀರೊಳಗೆ ಇರುವ ತನಕ ಪುಕ್ಕಟೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಕಾಡ್ ಮೀನು ನೂರಾರು ವರ್ಷ ಸಿಕ್ಕಿತು. 1960ರ ದಶಕದಲ್ಲಿ ದೂರದ ದೇಶಗಳಿಂದ ಕಾರ್ಖಾನೆಯಂಥ ಹಡಗುಗಳು ಬಂದು ಬಾಚಿಕೊಂಡು ಹೋದವು. 1992ರಲ್ಲಿ ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಿತು. ಎರಡು ವರ್ಷಕ್ಕೆಂದು ಹಾಕಿದ ನಿಷೇಧ ತೆರವಾಗಿದ್ದು 2024ರಲ್ಲಿ. ಆ ಪ್ರಾಂತ್ಯದ ಜನಸಂಖ್ಯೆ ಎಷ್ಟು ಗೊತ್ತೇ? 6 ಲಕ್ಷದ ಒಳಗೆ. ಅಲ್ಲಿ ಯಾವ ಸ್ಫೋಟವೂ ಆಗಿರಲಿಲ್ಲ.

ಗಾಜಿನಾಚೆಯಿಂದ ನನಗೆ ಗಡಿಯಾರ ತೋರಿಸುತ್ತಿದ್ದಾರೆ. ಪಂದ್ಯದ ಕಥೆಯೇ ಸಮಯ ತಿಂದುಹಾಕಿತು. ಇನ್ನೆರಡು ಮಾತು, ಬೇಗ ಬೇಗ.

ಪುಕ್ಕಟೆ ವಸ್ತುವನ್ನು ಕಾಪಾಡಲು ಆಗುವುದೇ ಇಲ್ಲ ಅಂದುಕೊಳ್ಳಬೇಡಿ. ಓಜೋನ್ ಪದರಕ್ಕೂ ಯಾರೂ ಬೆಲೆ ಕಟ್ಟಿರಲಿಲ್ಲ. 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಕೂತು, ಅದನ್ನು ತಿನ್ನುವ ಅನಿಲಗಳನ್ನು ಹಂತಹಂತವಾಗಿ ಕಡಿಮೆ ಮಾಡಲು ಒಪ್ಪಿಕೊಂಡವು. ಮಾಡಿಯೂ ತೋರಿಸಿದವು. ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಹೊಗೆಗೂ ಹಾಗೆಯೇ ಮಿತಿ ಹಾಕಬೇಕು, ಇಲ್ಲ ಬೆಲೆ ಕಟ್ಟಬೇಕು.

ಇನ್ನು, ಜನಸಂಖ್ಯೆ ಇಳಿಸುವುದು ಹೇಗೆ ಎಂದು ಪಟ್ಟು ಹಿಡಿದು ಕೇಳುವವರಿಗೆ. ಹೆಣ್ಣುಮಕ್ಕಳನ್ನು ಓದಿಸಿ, ಹುಟ್ಟಿದ ಮಗು ಬದುಕುವಂತೆ ನೋಡಿಕೊಳ್ಳಿ, ಬೇಕೆಂದವರಿಗೆ ಗರ್ಭನಿರೋಧಕ ಕೈಗೆ ಸಿಗುವಂತೆ ಮಾಡಿ. 1960ರಲ್ಲಿ ಹುಟ್ಟಿದ ಪ್ರತಿ ನೂರು ಮಕ್ಕಳಲ್ಲಿ ಹದಿನೈದಕ್ಕೂ ಹೆಚ್ಚು ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಈಗ ನಾಲ್ಕಕ್ಕಿಂತ ಕಡಿಮೆ. ಮಗು ಉಳಿಯುತ್ತದೆ ಎಂಬ ಧೈರ್ಯ ಬಂದ ಕಡೆಯೆಲ್ಲ ತಾಯಂದಿರು ತಾವಾಗಿಯೇ ಕಡಿಮೆ ಹೆತ್ತಿದ್ದಾರೆ. ಇದರ ಬಗ್ಗೆ ಹೇಳುವುದು ಬೇಕಾದಷ್ಟಿದೆ, ಆದರೆ ಅದಕ್ಕೆ ಇವರು ನನ್ನನ್ನು ಇನ್ನೊಮ್ಮೆ ಕರೆಯಬೇಕು. ನಮಸ್ಕಾರ.