ಕೂಗುವುದು ಯಂತ್ರ, ಬೈಸಿಕೊಳ್ಳುವುದು ಸಿಸ್ಟರ್

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಐಸಿಯುನಲ್ಲಿ ಮಾನಿಟರ್ ಬಡಿದುಕೊಳ್ಳುತ್ತಲೇ ಇತ್ತು, ಸಿಸ್ಟರ್ ತಿರುಗಿಯೂ ನೋಡಲಿಲ್ಲ. ಇವರಿಗೆಲ್ಲ ಸಂಬಳ ಯಾಕೆ?" ಅದಕ್ಕೆ ಮೆಚ್ಚುಗೆಯ ಸುರಿಮಳೆ ಬೇರೆ.

ಸ್ವಾಮಿ, ಅದು ಯಾವುದಕ್ಕೆಲ್ಲ ಬಡಿದುಕೊಳ್ಳುತ್ತದೆ ಎಂದು ಕೇಳಿದಿರಾ? ಎದೆಗೆ ಅಂಟಿಸಿದ ಎಲೆಕ್ಟ್ರೋಡಿನ ಜೆಲ್ ಒಣಗಿದರೆ ಕೂಗುತ್ತದೆ. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಕ್ಲಿಪ್ ಜಾರಿದರೆ ಕೂಗುತ್ತದೆ. ಅದೇ ಕೈಗೆ ಸುತ್ತಿದ ಬಿಪಿ ಪಟ್ಟಿ ಉಬ್ಬಿ ರಕ್ತ ತಡೆದರೆ, ಆಮ್ಲಜನಕವೇ ಕುಸಿಯಿತು ಎಂದು ಬೊಬ್ಬೆ ಹೊಡೆಯುತ್ತದೆ. ತೆರೆಯ ಮೇಲೆ ಅಲೆ ಚಪ್ಪಟೆ. ರೋಗಿ ಮಾತ್ರ ಮಗನ ಹತ್ತಿರ ಕಾಫಿ ಕೇಳುತ್ತಿದ್ದಾರೆ! ಸಿಸ್ಟರ್ ಅಷ್ಟನ್ನೂ ದೂರದಿಂದಲೇ ನೋಡಿರುತ್ತಾರೆ. ನಿಮಗೆ ಕಂಡದ್ದು ಅವರ ಬೆನ್ನು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಆಸ್ಪತ್ರೆಯಲ್ಲಿ ಲೆಕ್ಕ ಹಾಕಿದರು, 2014ರಲ್ಲಿ ಪ್ರಕಟವಾಯಿತು. ಐಸಿಯುಗಳ 77 ಹಾಸಿಗೆ, 31 ದಿನ, 25 ಲಕ್ಷಕ್ಕೂ ಹೆಚ್ಚು ಎಚ್ಚರಿಕೆ. ಸದ್ದು ಮಾಡಿದವಷ್ಟೇ ಹಾಸಿಗೆಗೆ ದಿನಕ್ಕೆ 187. ತಜ್ಞರು ಪರಿಶೀಲಿಸಿದ ಹೃದಯ ಲಯದ ಎಚ್ಚರಿಕೆಗಳಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಸುಳ್ಳು. ಕೂಗುವುದು ಯಂತ್ರ, ಬೈಸಿಕೊಳ್ಳುವುದು ಸಿಸ್ಟರ್. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಅಂದ ಹಾಗೆ, ಚಂದಾದಾರರಾಗಿ, ಗಂಟೆಯ ಗುರುತು ಒತ್ತಿ. ನಮ್ಮ ಗಂಟೆ ವಾರಕ್ಕೊಮ್ಮೆ ಮಾತ್ರ ಬಡಿಯುತ್ತದೆ, 187 ಸಲ ಅಲ್ಲ.

"ಆ ಒಂದು ಕೂಗು ನಿಜವಾಗಿದ್ದರೆ?" ಎನ್ನುತ್ತೀರಿ. ಅಬ್ಬಾ, ನರ್ಸಿಂಗ್ ಓದಿದವರಿಗೆ ಇದು ಹೊಳೆದೇ ಇರಲಿಲ್ಲ ನೋಡಿ! ನಿಜದ ಕೂಗು ಕೇಳಿಸಬೇಕಾದರೆ ಸುಳ್ಳಿನದು ನಿಲ್ಲಬೇಕು. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಹಲವರಿಗೆ ರಕ್ತದ ಆಮ್ಲಜನಕ ನೂರಕ್ಕೆ 88ರಿಂದ 92 ಇದ್ದರೆ ಸಾಕು ಎಂದು ವೈದ್ಯರೇ ಹೇಳುತ್ತಾರೆ. ಯಂತ್ರದ ಮಿತಿಯನ್ನು 90ಕ್ಕೇ ಬಿಟ್ಟರೆ ಅದು 89ಕ್ಕೆ ರಾತ್ರಿಯಿಡೀ ಅರಚುತ್ತದೆ. ಮಿತಿ ಬದಲಿಸಲು ಸಿಸ್ಟರ್‌ಗೆ ಅಧಿಕಾರ ಕೊಡಿ. ಬಾಸ್ಟನ್ ಮೆಡಿಕಲ್ ಸೆಂಟರ್ ಕೊಟ್ಟಿತು, ಮಿತಿಗಳನ್ನೂ ತಿದ್ದಿತು. ಹೃದ್ರೋಗ ವಾರ್ಡಿನಲ್ಲಿ ವಾರಕ್ಕೆ ಸುಮಾರು 88 ಸಾವಿರ ಇದ್ದ ಸದ್ದು 10 ಸಾವಿರಕ್ಕೆ ಇಳಿಯಿತು.

ಇನ್ನೊಬ್ಬರು, "ಎಐ ಬಂದರೆ ಎಲ್ಲ ಸರಿಹೋಗುತ್ತದೆ" ಎಂದಿದ್ದಾರೆ. ಬರಲಿ. ಬಂದು ಜಾರಿದ ಕ್ಲಿಪ್ ಸಿಕ್ಕಿಸಲಿ, ಬೆಡ್‌ಪ್ಯಾನ್ ಎತ್ತಲಿ, ನಿಮ್ಮ ಮಾವನವರ ಗೊಣಗಾಟ ಕೇಳಲಿ!

ಕೂಗುವುದು ಯಂತ್ರ ಸ್ವಾಮಿ, ಯಂತ್ರ! ಅದನ್ನು ಬೈಯಿರಿ, ಅದಕ್ಕೆ ಬೇಸರವಾಗುವುದಿಲ್ಲ. ಮುಂದಿನ ವಾರ ಆಸ್ಪತ್ರೆ ಕ್ಯಾಂಟೀನಿನ ಇಡ್ಲಿಯ ಬಗ್ಗೆ. ಅದು ಗಟ್ಟಿಯಾದದ್ದಕ್ಕೂ ಸಿಸ್ಟರ್ ಕಾರಣ ಎನ್ನುವವರು ಈಗಲೇ ಬರೆದುಬಿಡಿ.