ಚಿತ್ರ ಆಮೇಲೆ, ಮೊದಲು ಅಂಚು ನೋಡಿ

ಕೇಳುಗರಿಗೆ ನಮಸ್ಕಾರ.

ಹದಿನಾರನೆಯ ಶತಮಾನದಲ್ಲಿ ರೋಮ್ ನೋಡಲು ಹೋದವರು ತಾಮ್ರದ ತಗಡಿನಿಂದ ಅಚ್ಚೊತ್ತಿದ ಚಿತ್ರಗಳನ್ನು ಊರಿಗೆ ಒಯ್ಯುತ್ತಿದ್ದರು. ಕೊಲೊಸಿಯಮ್, ಪ್ಯಾಂಥಿಯನ್, ಟ್ರೇಜನ್ ಚಕ್ರವರ್ತಿಯ ಕಂಬ, ಹೀಗೆ. ಪ್ರಕಾಶಕ ಆಂಟೋನಿಯೊ ಲಫ್ರೆರಿಯ ಅಂಗಡಿಯಲ್ಲಿ ಬೇಕಾದ ಹಾಳೆಗಳನ್ನು ಆರಿಸಿಕೊಂಡು, ಆಮೇಲೆ ಹೊಲಿಸಿ ಪುಸ್ತಕ ಮಾಡಿಸಿಕೊಳ್ಳುತ್ತಿದ್ದರು. 'ಸ್ಪೆಕ್ಯುಲಮ್ ರೊಮಾನೆ ಮ್ಯಾಗ್ನಿಫಿಕೆಂಟಿಯೆ', ಅಂದರೆ ರೋಮಿನ ವೈಭವದ ಕನ್ನಡಿ, ಎಂಬ ಮುಖಪುಟ ಬಂದದ್ದೇ 1570ರ ದಶಕದಲ್ಲಿ. ಹಾಗಾಗಿ ಒಂದು ಪ್ರತಿಯಂತೆ ಇನ್ನೊಂದಿಲ್ಲ. ನಾನು ಹೇಳುವುದು ಇಷ್ಟೇ: ಚಿತ್ರ ಆಮೇಲೆ, ಮೊದಲು ಹಾಳೆಯ ಅಂಚು ನೋಡಿ.

ಅಂಚಿನಲ್ಲೇನಿದೆ? ತಗಡಿನಲ್ಲಿ ಉಳಿಯಿಂದ ಗೆರೆ ಕೊರೆದು ಶಾಯಿ ತುಂಬುತ್ತಾರೆ. ಮೇಲೆ ಉಳಿದ ಶಾಯಿಯನ್ನು ಬಟ್ಟೆಯಿಂದ, ಕೊನೆಗೆ ಅಂಗೈಯಿಂದ ಒರೆಸುತ್ತಾರೆ. ಒದ್ದೆ ಕಾಗದ ಹೊದಿಸಿ ಎರಡು ಉರುಳೆಗಳ ನಡುವೆ ತೂರಿಸಿದರೆ, ಕಾಗದ ಗೆರೆಯೊಳಗೆ ಇಳಿದು ಶಾಯಿ ಎತ್ತಿಕೊಳ್ಳುತ್ತದೆ. ಆ ಒತ್ತಡಕ್ಕೆ ತಗಡಿನ ಅಂಚೂ ಕಾಗದದಲ್ಲಿ ಮೂಡುತ್ತದೆ. ಪಕ್ಕದಿಂದ ದೀಪ ಹಿಡಿಯಿರಿ, ಆ ತಗ್ಗು ಕಾಣುತ್ತದೆ. ಅದರೊಳಗೆ, ಸಾಮಾನ್ಯವಾಗಿ ಕೆಳಭಾಗದಲ್ಲಿ, ಪ್ರಕಾಶಕನ ಹೆಸರು ಮತ್ತು ಇಸವಿ. ಹೆಸರಿನ ಪಕ್ಕದಲ್ಲಿ 'ಫಾರ್ಮಿಸ್' ಎಂದಿದ್ದರೆ ತಗಡು ಅವನ ವಶದಲ್ಲಿತ್ತು ಎಂದರ್ಥ.

ಸೆಪ್ಟಿಜೋಡಿಯಮ್ ಎಂಬ ಕಟ್ಟಡವನ್ನೇ ತೆಗೆದುಕೊಳ್ಳಿ. ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ 203ರಲ್ಲಿ ಪ್ಯಾಲಟೈನ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ್ದು. ಆಪಿಯನ್ ರಸ್ತೆಯಲ್ಲಿ ಬರುವವರಿಗೆ ಎದುರಾಗುತ್ತಿದ್ದ ಕಂಬಗಳ ಮುಖಮಂಟಪ. ಹದಿನಾರನೆಯ ಶತಮಾನದ ಹೊತ್ತಿಗೆ ಮೂರಂತಸ್ತಿನ ಒಂದು ಮೂಲೆಯಷ್ಟೇ ನಿಂತಿತ್ತು. ಚಿತ್ರಗಾರರಿಗೆ ಆ ಮೂಲೆಯೆಂದರೆ ಬಲು ಇಷ್ಟ. ಕಂಬದ ಮೇಲೆ ಕಂಬ, ಮುರಿದ ತೊಲೆ, ಕಲ್ಲಿನ ಸಂದಿಯಲ್ಲಿ ಹುಲ್ಲು. 1588-89ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ಅದನ್ನೂ ಕೆಡವಿಸಿದ. ಪೋಪನ ವಾಸ್ತುಶಿಲ್ಪಿ ಡೊಮೆನಿಕೊ ಫೊಂಟಾನ ಆ ಕಲ್ಲುಗಳನ್ನು ಪೋಪನ ಬೇರೆ ಕಾಮಗಾರಿಗಳಿಗೆ ಬಳಸಿದ. ಇಂದು ಅದರ ಮುಖ ನೋಡಬೇಕೆಂದರೆ ಇಂಥ ಹಳೆಯ ಚಿತ್ರಗಳೇ ಗತಿ!

ಆದರೆ ತಗಡುಗಳಿಗೆ ಆಯಸ್ಸು ಹೆಚ್ಚು. ಲಫ್ರೆರಿ 1577ರಲ್ಲಿ ತೀರಿಕೊಂಡ. ಅವು ವಾರಸುದಾರರ ಪಾಲಾದವು. ಹಲವು ತಗಡುಗಳ ಮೇಲೆ 1602ರ ಇಸವಿಯೊಡನೆ ಜಿಯೊವಾನಿ ಒರ್ಲಾಂಡಿ ಎಂಬ ಪ್ರಕಾಶಕನ ಹೆಸರು ಸೇರಿತು. ಚಿತ್ರ ಅದೇ, ಅಚ್ಚಾದ ಕಾಲ ಬೇರೆ. ಅದನ್ನು ಹೇಳುವುದು ಅಂಚು.

ತಗಡಿನ ಸವೆತದ ಬಗ್ಗೆ ಎರಡೇ ಮಾತು. ನೆರಳಿನ ಸಣ್ಣ ಗೆರೆಗಳು ಮೊದಲು ಮಾಸುತ್ತವೆ. ಮತ್ತೆ ಕೊರೆದ ಗೆರೆ ಒರಟಾಗಿ, ಕಪ್ಪಾಗಿ ಎದ್ದು ಕಾಣುತ್ತದೆ.

ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯ ಇಂಥ ಹಾಳೆಗಳ ತನ್ನ ಸಂಗ್ರಹವನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಫೋನಿನಲ್ಲೇ ನೋಡಿ, ಕೆಳಗಿನ ಸಾಲಿನಿಂದ ಶುರುಮಾಡಿ. ಮನೆಯಲ್ಲೇ ಇಂಥ ಹಾಳೆಯಿದ್ದರೆ, ಚೌಕಟ್ಟು ಹಾಕುವವರಿಗೆ ದಯವಿಟ್ಟು ಮೊದಲೇ ಹೇಳಿ: ಅಂಚು ಕತ್ತರಿಸಬೇಡಿ, ರಟ್ಟಿನಡಿ ಮುಚ್ಚಲೂಬೇಡಿ.