ಎದುರು ಮನೆಯ ಕಿಟಕಿಯಿಂದ ಕಂಡ ಐವರು ಅಕ್ಕತಂಗಿಯರು

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಇದೇ ಹಾಲ್‌ನಲ್ಲಿ 'ದಿ ವರ್ಜಿನ್ ಸೂಯಿಸೈಡ್ಸ್' ತೋರಿಸಿದೆವು. ಆಮೇಲೆ ಅರ್ಧ ಗಂಟೆ ಚರ್ಚೆ ಅಂತ ಇತ್ತು. ಅದು ಒಂದೂವರೆ ಗಂಟೆ ಆಯಿತು. ವಾಚ್‌ಮನ್ ಎರಡು ಸಲ ಲೈಟ್ ಆರಿಸಿ ಹಾಕಿದ ಮೇಲೆ ನಾವು ಎದ್ದೆವು. ಗೇಟಿನ ಹತ್ತಿರ ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡೇ ಇಬ್ಬರು ಇನ್ನೂ ವಾದ ಮಾಡುತ್ತಿದ್ದರು. ಮಾರನೆಯ ದಿನ ಕಾರ್ಯದರ್ಶಿಗಳು ಫೋನ್ ಮಾಡಿ, "ಮೇಷ್ಟ್ರೇ, ಅವತ್ತು ನೀವೊಬ್ಬರೇ ಬಾಯಿ ಬಿಡಲಿಲ್ಲ. ಈ ಸಲ ನೀವೇ ಮಾತಾಡಿ" ಅಂದರು.

ನಾನು ಸಿನಿಮಾ ಪಂಡಿತ ಅಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಆದರೆ ಈ ಸಿನಿಮಾದಲ್ಲೂ ಒಬ್ಬ ಗಣಿತದ ಮೇಷ್ಟ್ರು ಇದ್ದಾರೆ, ಆ ಐದು ಹುಡುಗಿಯರ ಅಪ್ಪ. ಅವತ್ತು ಅಷ್ಟೊಂದು ಜನ ಮಾತಾಡಿದರೂ ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಅದಕ್ಕೇ ಒಪ್ಪಿಕೊಂಡೆ.

ಅವತ್ತು ಬಾರದವರಿಗೆ ಕಥೆ ಹೇಳಿಬಿಡುತ್ತೇನೆ. 1970ರ ದಶಕ. ಅಮೆರಿಕದ ಮಿಷಿಗನ್ ರಾಜ್ಯ, ಡೆಟ್ರಾಯಿಟ್ ಪಕ್ಕದ ಶ್ರೀಮಂತ ಬಡಾವಣೆ. ಲಿಸ್ಬನ್ ಅನ್ನುವ ಕ್ಯಾಥೊಲಿಕ್ ಕುಟುಂಬಕ್ಕೆ ಐದು ಹೆಣ್ಣುಮಕ್ಕಳು. ತೆರೇಸ್, ಮೇರಿ, ಬಾನಿ, ಲಕ್ಸ್, ಸೆಸಿಲಿಯಾ. ಹದಿನೇಳರಿಂದ ಹದಿಮೂರರವರೆಗೆ, ವರ್ಷಕ್ಕೊಬ್ಬರಂತೆ. ಮನೆಯಲ್ಲಿ ಕಟ್ಟುನಿಟ್ಟು ಜಾಸ್ತಿ. ಮೊದಲು ಕಿರಿಯವಳು ಜೀವ ಕಳೆದುಕೊಳ್ಳುತ್ತಾಳೆ. ವರ್ಷ ತಿರುಗುವಷ್ಟರಲ್ಲಿ ಉಳಿದ ನಾಲ್ವರೂ. ಇದನ್ನು ಸಿನಿಮಾ ಮುಚ್ಚಿಡುವುದಿಲ್ಲ, ಹೆಸರಲ್ಲೇ ಹೇಳಿಬಿಡುತ್ತದೆ. ಜೆಫ್ರಿ ಯುಜೆನಿಡಿಸ್ 1993ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. ಸೋಫಿಯಾ ಕೊಪೊಲಾ ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. 1999ರಲ್ಲಿ ಕಾನ್ ಉತ್ಸವದ ಹೊತ್ತಿಗೆ ಮೊದಲ ಪ್ರದರ್ಶನ ಆದಾಗ ಆಕೆಗೆ ಇಪ್ಪತ್ತೆಂಟು ವರ್ಷ. ದೊಡ್ಡ ನಿರ್ದೇಶಕನ ಮಗಳು ಅನ್ನುವ ಗುಸುಗುಸು ಜೊತೆಗೇ ಬಂದಿತ್ತು. ಅದನ್ನು ಬಿಡಿ, ನಮಗೆ ಬೇಕಿಲ್ಲ.

ಕಥೆ ಹೇಳುವವರು ಯಾರು ಅನ್ನುವುದು ಮಾತ್ರ ಬೇಕು. ಹೇಳುವವರು ಎದುರು ಮನೆಗಳ ಹುಡುಗರು. ಈಗ ನಡುವಯಸ್ಸಿನ ಗಂಡಸರು. 'ನಾನು' ಅನ್ನುವುದಿಲ್ಲ, 'ನಾವು' ಅನ್ನುತ್ತಾರೆ. ಇಪ್ಪತ್ತೈದು ವರ್ಷ ಆದರೂ ಆ ಮನೆಯಲ್ಲಿ ಏನಾಯಿತು ಅಂತ ತಲೆ ಕೆಡಿಸಿಕೊಂಡೇ ಇದ್ದಾರೆ. ನಾವು ನೋಡುವುದೆಲ್ಲ ಅವರು ಕಂಡದ್ದು, ಕೇಳಿದ್ದು, ಇಲ್ಲವೇ ಕಟ್ಟಿಕೊಂಡದ್ದು.

ಈಗ ಜಗಳಕ್ಕೆ ಬರೋಣ. "ಯಾಕೆ ಅಂತಲೇ ಹೇಳಲ್ಲವಲ್ಲ ಸಾರ್" ಅಂತ ಹಿಂದಿನ ಸಾಲಿನ ಒಬ್ಬರು ಶುರು ಮಾಡಿದರು. ಬ್ಯಾಂಕಿನಲ್ಲಿದ್ದವರು, ಲೆಕ್ಕ ತಾಳೆ ಆಗಬೇಕು ಅವರಿಗೆ. ಕಾರಣ ಇಲ್ಲದೆ ಐದು ಸಾವು ತೋರಿಸುವುದು ಮೋಸ ಅನ್ನುವುದು ಅವರ ವಾದ. ಅವರ ಮುಂದೆ ಕೂತಿದ್ದ ಕಾಲೇಜು ಹುಡುಗಿ ತಟ್ಟನೆ ತಿರುಗಿದಳು. "ಡಾಕ್ಟರ ದೃಶ್ಯ ನೋಡಲಿಲ್ವಾ ನೀವು?"

ಆ ದೃಶ್ಯ ನಿಮಗೆ ನೆನಪಿರಬೇಕು. ಸೆಸಿಲಿಯಾ ಮೊದಲ ಸಲ ಪ್ರಯತ್ನ ಮಾಡಿ ಆಸ್ಪತ್ರೆಯಲ್ಲಿದ್ದಾಳೆ. ಡಾಕ್ಟರು ಕೇಳುತ್ತಾರೆ, ಇಲ್ಲಿಗೆ ಯಾಕಮ್ಮಾ ಬಂದೆ, ಬದುಕು ಎಷ್ಟು ಕೆಟ್ಟದ್ದು ಅಂತ ಗೊತ್ತಾಗುವ ವಯಸ್ಸೂ ನಿನಗಾಗಿಲ್ಲ ಅಂತ. ಆಕೆ ಸಮಾಧಾನವಾಗಿ, ಡಾಕ್ಟರೇ, ನೀವು ಯಾವತ್ತೂ ಹದಿಮೂರು ವರ್ಷದ ಹುಡುಗಿ ಆಗಿದ್ದವರಲ್ಲ ಅನ್ನುವುದು ಗೊತ್ತಾಗುತ್ತೆ ಅನ್ನುತ್ತಾಳೆ. ಅಷ್ಟೇ. ಈ ಮಾತಿಗೆ ಹಾಲ್‌ನಲ್ಲಿ ಕೆಲವರು ನಕ್ಕರು, ಕೆಲವರು ನಗಲಿಲ್ಲ. ಯಾರು ನಕ್ಕರು, ಯಾರು ನಗಲಿಲ್ಲ ಅಂತ ಅವತ್ತು ಒಂದು ಗೆರೆ ಎಳೆದಿದ್ದರೆ ಆಮೇಲಿನ ಚರ್ಚೆಯೇ ಬೇಕಿರಲಿಲ್ಲ.

ಇನ್ನೊಬ್ಬರ ಆಕ್ಷೇಪ ಬೇರೆ. ಸಾವನ್ನು ಇಷ್ಟು ಚೆಂದ ಮಾಡಿ ತೋರಿಸಬಾರದು ಅಂದರು. ಇದನ್ನು ನಾನು ಸುಲಭವಾಗಿ ತಳ್ಳಿಹಾಕುವುದಿಲ್ಲ. ಎಡ್ವರ್ಡ್ ಲ್ಯಾಕ್‌ಮನ್ ಅವರ ಕ್ಯಾಮೆರಾ, ಏರ್ ಅನ್ನುವ ಫ್ರೆಂಚ್ ಜೋಡಿಯ ಸಂಗೀತ, ಬಿಸಿಲಲ್ಲಿ ಹೊಳೆಯುವ ಹೊಂಬಣ್ಣದ ಕೂದಲು. ಕೆಲವು ಕಡೆ ಶಾಂಪೂ ಜಾಹೀರಾತಿನ ಹಾಗೇ ಇದೆ. ಇದು ಹುಡುಗರ ನೆನಪಿನ ಬಣ್ಣ, ಅದಕ್ಕೇ ಹೀಗಿದೆ ಅಂತ ಸಮರ್ಥನೆ ಕೊಡಬಹುದು. ಆದರೆ ಅದೇ ವಯಸ್ಸಿನ, ಒಳಗೊಳಗೇ ಬೇಯುತ್ತಿರುವ ಮಗು ಇದನ್ನು ಒಬ್ಬಳೇ ಕೂತು ನೋಡಿದರೆ ಆ ಸಮರ್ಥನೆ ಅವಳಿಗೆ ತಲುಪುತ್ತದಾ? ನನಗೆ ಅನುಮಾನ. ಹೊರಗಿನ ಬೋರ್ಡಿನಲ್ಲಿ ಟೆಲಿ ಮಾನಸ್ ಅನ್ನುವ ಮಾನಸಿಕ ನೆರವಿನ ಸಹಾಯವಾಣಿಯ ನಂಬರ್ 14416 ಬರೆಸಿದ್ದು ಈ ಕಾರಣಕ್ಕೇ. ಅದರ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕನ್ನಡದಲ್ಲೇ ಮಾತಾಡಬಹುದು.

ಮೂರನೆಯದು ಅಮ್ಮನ ಬಗ್ಗೆ. ಅವತ್ತು ಅತಿ ಹೆಚ್ಚು ಬೈಗುಳ ತಿಂದವಳು ಆ ತಾಯಿ. ಕ್ಯಾಥ್ಲೀನ್ ಟರ್ನರ್ ಮಾಡಿರುವ ಪಾತ್ರ. "ರಾಕ್ಷಸಿ" ಅಂತಲೂ ಯಾರೋ ಅಂದರು. ಸರಿ, ಏನು ಮಾಡಿದಳು ನೋಡೋಣ. ಶಾಲೆಯ ನೃತ್ಯಕೂಟಕ್ಕೆ ಹೋಗಲು ನಾಲ್ಕು ಹುಡುಗಿಯರಿಗೂ ಫ್ರಾಕ್ ಹೊಲಿಯಬೇಕು. ಬಟ್ಟೆ, ಮಾದರಿ ಹುಡುಗಿಯರೇ ಆರಿಸಿದ್ದು. ಅಮ್ಮ ಎದೆಯ ಹತ್ತಿರ ಒಂದು ಇಂಚು, ಸೊಂಟಕ್ಕೂ ಅಂಚಿಗೂ ಎರಡೆರಡು ಇಂಚು ಸೇರಿಸುತ್ತಾಳೆ. ಕೊನೆಗೆ ನಾಲ್ಕೂ ಒಂದೇ ಥರದ ಗೋಣಿಚೀಲ. ಈ ಒಂದು ಇಂಚು, ಎರಡು ಇಂಚಿನಲ್ಲಿ ಇಡೀ ಮನೆ ಇದೆ. ಹೊಡೆತ ಇಲ್ಲ, ಬಡಿತ ಇಲ್ಲ. ಅಳತೆ ಹೆಚ್ಚು ಮಾಡುವುದು, ಅಷ್ಟೇ. ನಮ್ಮಲ್ಲೂ ಯೂನಿಫಾರ್ಮ್ ಹೊಲಿಸುವಾಗ "ಸ್ವಲ್ಪ ಲೂಸಾಗಿರ್ಲಿ, ಬೆಳೆಯೋ ಹುಡುಗಿ" ಅಂತ ಟೈಲರಿಗೆ ಹೇಳುತ್ತೇವಲ್ಲ, ಅದು ಬಟ್ಟೆ ಎರಡು ವರ್ಷ ಬರಲಿ ಅಂತಲೂ ಇರಬಹುದು, ಬೇರೆ ಕಾರಣಕ್ಕೂ ಇರಬಹುದು. ಹೇಳುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ನೃತ್ಯಕೂಟದ ರಾತ್ರಿ ಲಕ್ಸ್ ಮನೆಗೆ ಬರುವುದಿಲ್ಲ. ಶಾಲೆಯ ಹೀರೋ ಟ್ರಿಪ್ ಜೊತೆ ಫುಟ್‌ಬಾಲ್ ಮೈದಾನದಲ್ಲಿ ಉಳಿಯುತ್ತಾಳೆ. ಬೆಳಗಿನ ಜಾವ ಎಚ್ಚರ ಆದಾಗ ಅವನಿಲ್ಲ. ನೀಲಿ ಬೆಳಕಿನಲ್ಲಿ ಅಷ್ಟು ದೊಡ್ಡ ಮೈದಾನ, ಅವಳೊಬ್ಬಳು. ಅದಾದ ಮೇಲೆ ಬಾಗಿಲು ಹಾಕಿಕೊಳ್ಳುತ್ತದೆ. ಶಾಲೆ ಬಂದ್. ರಾಕ್ ಹಾಡಿನ ಪ್ಲೇಟುಗಳು ಬೆಂಕಿಗೆ. ತಪ್ಪು ಮಾಡಿದವಳು ಒಬ್ಬಳು ಅಂತಲೇ ಇಟ್ಟುಕೊಳ್ಳಿ, ಒಳಗೆ ಬಿದ್ದವರು ನಾಲ್ಕು ಜನ. ಬಿಟ್ಟುಹೋದ ಹುಡುಗನಿಗೆ ಏನೂ ಇಲ್ಲ. ಟ್ರಿಪ್ ದೊಡ್ಡವನಾದ ಮೇಲೆ ಕ್ಯಾಮೆರಾ ಮುಂದೆ ಕೂತು, ನನಗೆ ಅವಳೆಂದರೆ ತುಂಬಾ ಇಷ್ಟ ಇತ್ತು, ಆದರೆ ಆ ಮೈದಾನದಲ್ಲಿ ಏನೋ ಬೇರೆ ಅನ್ನಿಸಿತು ಅನ್ನುವ ಹಾಗೆ ಮಾತಾಡುತ್ತಾನೆ. ನಮ್ಮ ಚರ್ಚೆಯಲ್ಲಿ ಅವನನ್ನು ಬೈದವರು ಇಬ್ಬರೇ. ಇಬ್ಬರೂ ಹೆಂಗಸರು.

ಈಗ ನಮ್ಮ ಮೇಷ್ಟ್ರು. ಜೇಮ್ಸ್ ವುಡ್ಸ್ ಮಾಡಿದ್ದಾರೆ. ಒಳ್ಳೆಯ ಮನುಷ್ಯ. ಯಾರನ್ನೂ ಗದರುವುದಿಲ್ಲ. ಮನೆಗೆ ಹುಡುಗರು ಬಂದರೆ ಆಟದ ವಿಮಾನಗಳ ಬಗ್ಗೆ ಮಾತಾಡುತ್ತಾರೆ. ನೃತ್ಯಕೂಟಕ್ಕೆ ಹೂಂ ಅಂದದ್ದು ಅವರೇ, ಹೆಂಡತಿಯನ್ನು ಒಪ್ಪಿಸಿದ್ದೂ ಅವರೇ. ಬಾಗಿಲು ಹಾಕಿದ ಮೇಲೆ ಮಾತ್ರ ಅವರ ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಒಂದು ದೃಶ್ಯದಲ್ಲಿ ಶಾಲೆಯ ಕಾರಿಡಾರಿನಲ್ಲಿ ಕುಂಡದ ಗಿಡಗಳ ಹತ್ತಿರ ನಿಂತು, ಬೆಳಗಿನ ತಿಂಡಿಯ ದ್ಯುತಿಸಂಶ್ಲೇಷಣೆ ಆಯಿತಾ ಅಂತ ವಿಚಾರಿಸುತ್ತಾರೆ. ಮಕ್ಕಳು ನಗುತ್ತಾರೆ, ನೋಡುವ ನಾವೂ ನಗುತ್ತೇವೆ. ನಾನು ಮೊದಲ ಸಲ ನಕ್ಕಿದ್ದೆ. ಎರಡನೇ ಸಲ ನಗು ಬರಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು ಮಾತಿಗಾಗಿ ಕಾಯುತ್ತಿದ್ದಾರೆ, ಈತ ಗಿಡವನ್ನು ಮಾತಾಡಿಸುತ್ತಿದ್ದಾರೆ.

ನನ್ನ ಕಥೆ ಒಂದು ಹೇಳುತ್ತೇನೆ, ಬೇಗ ಮುಗಿಸುತ್ತೇನೆ. ಒಂದು ವರ್ಷ ಹತ್ತನೇ ಕ್ಲಾಸಿನಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಇದ್ದಳು. ಲೆಕ್ಕದಲ್ಲಿ ಚುರುಕು. ದೀಪಾವಳಿ ರಜೆ ಆದ ಮೇಲೆ ಬರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ದಿನಾ ಗೈರುಹಾಜರಿ ಹಾಕಿಕೊಂಡು ಹೋದೆ. ಅಂಕಣ ತುಂಬುತ್ತಾ ಹೋಯಿತು. ತಿಂಗಳ ಕೊನೆಗೆ ಕೂಡಿಸಿ ಮೊತ್ತ ಬರೆದೆ, ಸರಿಯಾಗಿಯೇ ಬರೆದೆ. ಮನೆಗೆ ಹೋಗಿ ಕೇಳಬೇಕು ಅಂತ ಅನ್ನಿಸಲಿಲ್ಲ. ಮಾರ್ಚಿನಲ್ಲಿ ಯಾರೋ ಹೇಳಿದರು, ಮನೆಯಲ್ಲೇ ಇರಿಸಿದ್ದಾರಂತೆ, ಯಾರದೋ ಜೊತೆ ಮಾತಾಡುತ್ತಿದ್ದಳಂತೆ ಅಂತ. ಅವಳು ಈಗ ಚೆನ್ನಾಗಿದ್ದಾಳೆ, ಭಯಪಡಬೇಡಿ. ಆದರೆ ಆ ಅಮ್ಮನನ್ನು ಮಾತ್ರ ಬೈಯುವವರನ್ನು ಕಂಡಾಗ ನನಗೆ ಆ ಹಾಜರಿ ಪುಸ್ತಕ ನೆನಪಾಗುತ್ತದೆ.

ಇನ್ನು ಮರದ ವಿಷಯ. ಇದನ್ನು ಚರ್ಚೆಯಲ್ಲಿ ಯಾರೂ ಹಿಡಿಯಲಿಲ್ಲ. ಸಿನಿಮಾ ಉದ್ದಕ್ಕೂ ಆ ಬೀದಿಯ ಎಲ್ಮ್ ಮರಗಳನ್ನು ಕಡಿಯುತ್ತಿರುತ್ತಾರೆ. ಅದು ಬರೀ ಅಲಂಕಾರಕ್ಕೆ ಇಟ್ಟದ್ದಲ್ಲ, ನಿಜವಾಗಿ ನಡೆದದ್ದು. ಡಚ್ ಎಲ್ಮ್ ರೋಗ ಅಂತ ಒಂದು ಶಿಲೀಂಧ್ರ ರೋಗ. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು 1920ರ ದಶಕದಲ್ಲಿ ಪತ್ತೆ ಹಚ್ಚಿದ್ದರಿಂದ ಆ ಹೆಸರು. ತೊಗಟೆಯಲ್ಲಿ ಕೊರೆಯುವ ದುಂಬಿ ಇದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಇನ್ನೊಂದು ದಾರಿಯೂ ಇದೆ. ಸಾಲಾಗಿ ನೆಟ್ಟ ಮರಗಳ ಬೇರುಗಳು ನೆಲದ ಕೆಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ರೋಗ ಆ ಬೇರಿನಲ್ಲೇ ಪಕ್ಕದ ಮರಕ್ಕೆ ಹೋಗುತ್ತದೆ. ಹಾಗಾಗಿ ಹಬ್ಬದಿರಲಿ ಅಂತ ಮರ ಕಡಿಯುತ್ತಾರೆ. ಲಿಸ್ಬನ್ ಮನೆ ಮುಂದಿನ ಮರಕ್ಕೆ ಗರಗಸ ತಂದ ದಿನ ಹುಡುಗಿಯರು ಓಡಿಬಂದು ಕೈ ಹಿಡಿದು ಮರವನ್ನು ಸುತ್ತುವರಿದು ನಿಲ್ಲುತ್ತಾರೆ. ಉಳಿಸುವುದಕ್ಕೇ ಕಡಿಯುವುದು ಅನ್ನುವ ಈ ತರ್ಕ ಅವರಿಗೆ ಮನೆಯೊಳಗೇ ಚೆನ್ನಾಗಿ ಗೊತ್ತಿತ್ತು.

ಬೀದಿಯ ಬಗ್ಗೆ ಇನ್ನೊಂದು ಮಾತು. ಕಾದಂಬರಿಯ ನೆಲ ಗ್ರೋಸ್ ಪಾಯಿಂಟ್, ಲೇಖಕ ಬೆಳೆದ ಜಾಗ. ಚಿತ್ರೀಕರಣ ಆದದ್ದು ಕೆನಡಾದ ಟೊರಾಂಟೊ ಕಡೆ. ಗ್ರೋಸ್ ಪಾಯಿಂಟ್‌ನಲ್ಲಿ ಮನೆ ಕೊಳ್ಳಲು ಬರುವವರಿಗೆ ಗುಟ್ಟಾಗಿ ಅಂಕ ಹಾಕುತ್ತಿದ್ದರು. ಮೈಬಣ್ಣ, ಮಾತಿನ ಧಾಟಿ, ಉಡುಪು, ಎಲ್ಲಕ್ಕೂ ಮಾರ್ಕ್ಸ್. ಮಾಮೂಲಿ ಜನಕ್ಕೆ 50 ಬಂದರೆ ಪಾಸು, ಯಹೂದಿಗಳಿಗೆ 85 ಬರಬೇಕು. ಕಪ್ಪು ಜನರಿಗೂ ಏಷ್ಯಾದವರಿಗೂ ಪರೀಕ್ಷೆಗೆ ಕೂರುವ ಅವಕಾಶವೇ ಇಲ್ಲ. 1960ರಲ್ಲಿ ಇದು ಬಯಲಾಯಿತು. ಮಕ್ಕಳನ್ನು ಬೇಲಿಯೊಳಗೆ ಇಟ್ಟ ಮನೆ ಒಂದೇ ಅಲ್ಲ, ಊರೇ ಬೇಲಿ ಹಾಕಿಕೊಂಡಿತ್ತು. "ಶ್ರೀಮಂತ ಬಿಳಿಯರ ಗೋಳು, ನಮಗೇನು" ಅಂತ ಅವತ್ತು ಒಬ್ಬರು ಎದ್ದುಹೋದರಲ್ಲ, ಅವರಿಗೆ ಇದನ್ನು ಹೇಳಬೇಕಿತ್ತು. ಸಿನಿಮಾ ಇದನ್ನು ಬಿಡಿಸಿ ಹೇಳುವುದಿಲ್ಲ ಅನ್ನುವುದು ನನ್ನದೂ ದೂರು.

ನನ್ನ ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ಲಕ್ಸ್ ನೆನಪಿರುತ್ತಾಳೆ, ಸೆಸಿಲಿಯಾ ನೆನಪಿರುತ್ತಾಳೆ. ತೆರೇಸ್, ಮೇರಿ, ಬಾನಿ? ಮೂರು ಸಲ ನೋಡಿದ ಮೇಲೂ ನನಗೆ ಯಾರು ಯಾರು ಅಂತ ಗೊಂದಲ. ಹುಡುಗರ ಕಣ್ಣಿಗೆ ಎಲ್ಲರೂ ಒಂದೇ ಥರ ಕಂಡರು, ಅದನ್ನೇ ತೋರಿಸಿದ್ದಾರೆ ಅಂತ ಕಾಲೇಜು ಹುಡುಗಿ ವಾದ ಮಾಡಿದಳು. ಸರಿ ಕಣಮ್ಮಾ, ಆದರೆ ಹುಡುಗರ ಕುರುಡನ್ನು ತೋರಿಸುವುದಕ್ಕೆ ನಮ್ಮನ್ನೂ ಕುರುಡು ಮಾಡಲೇಬೇಕಾ?

ಇದಕ್ಕೆ ಜೋಡಿಯಾಗಿ ಇನ್ನೊಂದು ಚಿತ್ರ ನೋಡಿ. 2015ರ 'ಮುಸ್ತಾಂಗ್'. ನಿರ್ದೇಶಕಿ ಡೆನಿಜ್ ಗಮ್ಜೆ ಎರ್ಗುವೆನ್. ಟರ್ಕಿಯ ಕಪ್ಪು ಸಮುದ್ರದ ಹಳ್ಳಿ, ಅಲ್ಲೂ ಐವರು ಅಕ್ಕತಂಗಿಯರು. ಶಾಲೆಯ ಕೊನೆಯ ದಿನ ಹುಡುಗರ ಹೆಗಲ ಮೇಲೆ ಕೂತು ನೀರಾಟ ಆಡಿದ್ದಕ್ಕೆ ಅಜ್ಜಿ, ಚಿಕ್ಕಪ್ಪ ಸೇರಿ ಮನೆಯನ್ನು ಜೈಲು ಮಾಡುತ್ತಾರೆ. ಅಲ್ಲಿ ಕಥೆ ಹೇಳುವವಳು ಕಿರಿಯ ತಂಗಿ ಲಾಲೆ, ಒಳಗಿನಿಂದ. ಐದೂ ಹುಡುಗಿಯರು ಬೇರೆಬೇರೆ ಕಾಣುತ್ತಾರೆ. ಆ ಚಿತ್ರಕ್ಕೂ ಒಮ್ಮತ ಸಿಗಲಿಲ್ಲ. ಫ್ರಾನ್ಸ್ ತನ್ನ ಕಡೆಯಿಂದ ಅದನ್ನು ಆಸ್ಕರ್‌ಗೆ ಕಳಿಸಿತು, ನಾಮನಿರ್ದೇಶನವೂ ಆಯಿತು. ಟರ್ಕಿಯಲ್ಲಿ ಮಾತ್ರ ಬಹಳ ಜನ, ಈ ಹುಡುಗಿಯರು ಆ ಹಳ್ಳಿಯವರ ಹಾಗೆ ಮಾತಾಡುವುದೇ ಇಲ್ಲ, ಹೊರಗಿನವರಿಗೆ ತೋರಿಸಲು ಮಾಡಿದ್ದು ಅಂದರು. ಕಿಟಕಿಯಿಂದ ನೋಡಿದರೆ ಮುಖ ಕಾಣಲ್ಲ ಅನ್ನುತ್ತಾರೆ, ಒಳಗೆ ಕರೆದುಕೊಂಡು ಹೋದರೆ ಇದು ನಮ್ಮ ಮನೆ ಅಲ್ಲ ಅನ್ನುತ್ತಾರೆ.

ಬ್ಯಾಂಕಿನ ಯಜಮಾನರಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಯಾಕೆ ಅಂತ ಹೇಳಲ್ಲ ಅಂದಿರಲ್ಲ. ಟೆಲಿಫೋನ್ ದೃಶ್ಯ ಇನ್ನೊಂದು ಸಲ ಹಾಕಿಸುತ್ತೇನೆ. ಬಾಗಿಲು ಹಾಕಿದ ಮೇಲೆ ಹುಡುಗರು ಆ ಮನೆಗೆ ಫೋನ್ ಮಾಡುತ್ತಾರೆ. ಮಾತಾಡುವುದಿಲ್ಲ. ರಿಸೀವರನ್ನು ರೆಕಾರ್ಡ್ ಪ್ಲೇಯರ್ ಹತ್ತಿರ ಹಿಡಿದು ಒಂದು ಹಾಡು ಕೇಳಿಸುತ್ತಾರೆ. ಹುಡುಗಿಯರು ಮನೆಯಲ್ಲಿ ಉಳಿದಿದ್ದ ಪ್ಲೇಟಿನಲ್ಲಿ ಉತ್ತರ ಕೊಡುತ್ತಾರೆ. ಎಲ್ಲರಿಗೂ ಬಹಳ ಇಷ್ಟವಾದ ದೃಶ್ಯ, ಚರ್ಚೆಯಲ್ಲಿ ಈ ಒಂದಕ್ಕೆ ಮಾತ್ರ ಜಗಳ ಆಗಲಿಲ್ಲ. ನನಗೂ ಆ ರಾಗ ಇಷ್ಟ. ಹುಡುಗಿಯರು ಮೊದಲು ಹಾಕುವುದು ಗಿಲ್ಬರ್ಟ್ ಓ'ಸುಲಿವನ್ 1972ರಲ್ಲಿ ಹಾಡಿದ 'ಅಲೋನ್ ಅಗೇನ್'. ಮನೆಗೆ ಹೋದ ಮೇಲೆ ನಾನು ಅದರ ಸಾಹಿತ್ಯ ಹುಡುಕಿ ಓದಿದೆ. ಬದುಕು ಸಾಕು ಅನ್ನುವ ಮಾತು ಆ ಹಾಡಿನ ಶುರುವಿನಲ್ಲೇ ಇದೆ, ಮುಚ್ಚುಮರೆ ಇಲ್ಲದೆ. ಹುಡುಗಿಯರು ಅದನ್ನು ಫೋನಿನಲ್ಲಿ ಕೇಳಿಸಿದರು. ಈ ಕಡೆ ಹುಡುಗರು ತಮ್ಮ ಪ್ಲೇಟುಗಳಲ್ಲಿ ಮುಂದಿನ ಹಾಡು ಯಾವುದು ಹಾಕೋಣ ಅಂತ ಹುಡುಕುತ್ತಿದ್ದಾರೆ.

ಲೈಟ್ ಆರಿಸ್ತೀರಾ? ಈ ಸಲ ಸಬ್‌ಟೈಟಲ್ ಹಾಕಿಸಿದ್ದೇವೆ. ಹಾಡಿಗೂ.